ಗೆರೆ ಕಾಣದ ಜಾಡಿ

ನಮ್ಮ ಅಡುಗೆಮನೆಯ ಕಿಟಕಿಯಲ್ಲಿ ಒಂದು ಖಾಲಿ ಜಾಡಿ ಕೂತಿದೆ. ಅಜ್ಜಿಯರ ಕಾಲದ ಪಿಂಗಾಣಿ ಜಾಡಿಯಲ್ಲ, ಗಾಜಿನದು. ಅಗಲ ಬಾಯಿ, ತಗಡಿನ ತಿರುಪು ಮುಚ್ಚಳ. ಮುಚ್ಚಳದ ಒಳಗಿದ್ದ ರಬ್ಬರನ್ನು ಉಪ್ಪೂ ಹುಳಿಯೂ ಸೇರಿ ಎಂದೋ ತಿಂದು ಮುಗಿಸಿವೆ. ಪರದೇಶದ ಬಾಂಗ್ಸಾರ್ ಬಡಾವಣೆಯ ಈ ಬಾಡಿಗೆ ಫ್ಲ್ಯಾಟಿನ ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಮೂರನೆಯವರು ಬಾಗಿಲಲ್ಲಿ ಕಾಯಬೇಕು. ಅಂಥದ್ದರಲ್ಲಿ ಕೆಲಸಕ್ಕೆ ಬಾರದ ಜಾಡಿಗೆ ಇಷ್ಟು ಜಾಗ ಯಾಕೆ ಎಂದು ಯಾರಿಗಾದರೂ ಅನ್ನಿಸಬೇಕಾದದ್ದೇ. ಹೋದ ಭಾನುವಾರ ನನ್ನ ಮಗಳು ಅನಘಾಗೆ ಅನ್ನಿಸಿತು. ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಈ ಊರಿನ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ ಅವಳು.

"ಅಮ್ಮಾ, ದಿಸ್ ಒನ್ ಕ್ಯಾನ್ ಥ್ರೋ ಲಾ? ಲಿಡ್ ಆಲ್ಸೋ ಸ್ಪಾಯಿಲ್ ಆಲ್ರೆಡಿ."

"ಮುಟ್ಟಬೇಡ ಅದನ್ನ!" ಎಂದೆ. ಎಷ್ಟು ಜೋರಾಗಿ ಎಂದರೆ, ಹಾಲಿನಲ್ಲಿ ಪೇಪರು ಓದುತ್ತಿದ್ದ ನನ್ನ ಗಂಡ ಸುಧಾಕರ ಅವರು ತಲೆ ಎತ್ತಿ, ಏನೆಂದು ಗೊತ್ತಾದ ಕೂಡಲೇ ಮತ್ತೆ ತಗ್ಗಿಸಿದರು. ಅವರು ತಲೆ ತಗ್ಗಿಸಿದ್ದು ನನಗೆ ಇಷ್ಟವಾಗಲಿಲ್ಲ. ಆದರೆ ಅದನ್ನು ಹೇಳಬೇಕಾದರೆ ಜಾಡಿಯ ಕತೆಯನ್ನೇ ಹೇಳಬೇಕು.

ಮೊದಲು ನನ್ನ ಉದ್ಯೋಗ ಹೇಳಿಬಿಡುತ್ತೇನೆ, ನಗುವವರು ಈಗಲೇ ನಕ್ಕುಬಿಡಿ. ನಾನು ಮೈಸೂರಿನ ಅಗ್ರಹಾರದಲ್ಲಿ ಹುಟ್ಟಿ, ಈರುಳ್ಳಿಯನ್ನೂ ಅನುಮಾನದಿಂದ ನೋಡುವ ಮನೆಯಲ್ಲಿ ಬೆಳೆದು, ಮೀನಿನ ವಿಜ್ಞಾನಿಯಾದವಳು. ಹೊಳೆಯಲ್ಲಿ ಯಾವ್ಯಾವ ಮೀನಿವೆ ಎಂದು ಹುಡುಕುವುದು, ಯಾರಿಗೂ ಗೊತ್ತಿಲ್ಲದ್ದು ಸಿಕ್ಕರೆ ಅಳೆದು, ಚಿತ್ರ ಬರೆದು, ಹೆಸರಿಡುವುದು ನನ್ನ ಕೆಲಸ. ಇಲ್ಲಿಯವರೆಗೆ ಒಂದು ಮೀನನ್ನೂ ನಾಲಿಗೆಗೆ ಸೋಕಿಸಿಲ್ಲ. ಸುಧಾಕರ ಅವರೋ ಉಡುಪಿ ಕಡೆಯ ಡಾಕ್ಟರು. ಹೆಸರು ಕೇಳದೆ ಮೀನು ತಿನ್ನುವವರು. "ನೀನು ಹೆಸರಿಡುದು, ನಾನು ತಿನ್ನುದು. ಸಂಸಾರ ಸರಿ ಉಂಟಲ್ಲ" ಎನ್ನುತ್ತಾರೆ.

ನಾನು ಕಾಲೇಜಿನಲ್ಲಿ ಮೀನು ಹಿಡಿದುಕೊಂಡ ಸುದ್ದಿ ಮನೆಗೆ ಮುಟ್ಟಿದಾಗ ಅಮ್ಮ ಅತ್ತಳು, ಅಪ್ಪ ಪಂಚಾಂಗ ನೋಡಿದರು. ಅಜ್ಜಿ ಒಬ್ಬರೇ ವಿಚಾರಿಸಿದ್ದು. "ಸತ್ತ ಮೀನು ಕೆಡಲ್ವೇನೇ?" ಮೊದಲು ಫಾರ್ಮಲಿನ್ನಿನಲ್ಲಿ ಗಟ್ಟಿ ಮಾಡಿ, ಆಮೇಲೆ ಸ್ಪಿರಿಟ್ಟಿನಲ್ಲಿ ಮುಳುಗಿಸಿಡುತ್ತೇವೆ, ನೂರು ವರ್ಷ ಇರುತ್ತದೆ ಎಂದೆ. ಅಜ್ಜಿ, "ಅಂದ್ರೆ ಉಪ್ಪಿನಕಾಯಿ" ಅಂದರು. ಇಷ್ಟು ವರ್ಷ ಪಾಠ ಮಾಡಿದ್ದೇನೆ, ಇದಕ್ಕಿಂತ ಚೆನ್ನಾಗಿ ವಿದ್ಯಾರ್ಥಿಗಳಿಗೆ ಹೇಳಲು ನನಗೆ ಬಂದಿಲ್ಲ.

ಅಜ್ಜಿಯ ಹೇರಳೆಕಾಯಿ ಉಪ್ಪಿನಕಾಯಿ ಬೀದಿಗೆಲ್ಲ ಪ್ರಸಿದ್ಧ. ಹೋಳು ರಸದಲ್ಲಿ ಮುಳುಗಿರಬೇಕು, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ಕಣ್ಣು ಮಂಜಾದ ಮೇಲೆ ಅವರು ಜಾಡಿಯನ್ನು ಎರಡೂ ಕೈಯಲ್ಲಿ ಎತ್ತಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಒಳಗಿಂದ ದಪ್ಪಗೆ ಗುಳುಕ್ ಎಂದರೆ ಸಮಾಧಾನ. ನಾವು ಮಕ್ಕಳು ಪಕ್ಕದಲ್ಲಿ ನಿಂತು, "ಏನಂತೆ ಅಜ್ಜಿ?" ಎಂದು ಕೇಳುತ್ತಿದ್ದೆವು. "ಚೆನ್ನಾಗಿದ್ದೀನಿ ಅಂತು, ಹೋಗ್ರೋ" ಎನ್ನುತ್ತಿದ್ದರು. ಒಂದು ಸಲ ಮಾತ್ರ ಅಲ್ಲಾಡಿಸಿದಾಗ ಆ ಗುಳುಕ್ ಕೇಳಿಸದೆ, ಅಷ್ಟೂ ಉಪ್ಪಿನಕಾಯಿಯನ್ನು ಹಿತ್ತಲಿನ ಗುಂಡಿಗೆ ಸುರಿಸಿದರು. ಆ ದಿನ ಅವರು ಊಟ ಮಾಡಲಿಲ್ಲ. ಉಪ್ಪಿನಕಾಯಿಗೆ ಯಾರಾದರೂ ಅಷ್ಟು ದುಃಖಪಡುತ್ತಾರೆಯೇ ಎಂದು ನಾನು ನಕ್ಕಿದ್ದೆ. ಈಗ ನಗು ಬರುವುದಿಲ್ಲ.

ನಾನು ಬ್ರೆಜಿಲಿಗೆ ಹೊರಟಾಗ ಅಜ್ಜಿ ಕೊಟ್ಟದ್ದು ಈ ಗಾಜಿನ ಜಾಡಿಯನ್ನೇ, ಕಂಠಮಟ್ಟ ಹೇರಳೆಕಾಯಿ ತುಂಬಿ. ಅಲ್ಲಿ ಒಂದು ದೊಡ್ಡ ನದಿಗೆ ಸೇರುವ ಹೊಳೆಗೆ ಅಣೆಕಟ್ಟು ಕಟ್ಟುತ್ತಿದ್ದರು. ಗೇಟು ಇಳಿಸುವ ಮೊದಲು ಆ ಹೊಳೆಯಲ್ಲಿ ಏನೇನು ಮೀನಿದೆ ಎಂದು ಸಮೀಕ್ಷೆ ಆಗಬೇಕಿತ್ತು. ಅಪ್ಪ ಮೇಷ್ಟರಾಗಿದ್ದಾಗ ಜನಗಣತಿಗೆ ಮನೆಮನೆ ಸುತ್ತಿ, ಮನೆಯಲ್ಲಿ ಯಾರ್ಯಾರಿದ್ದೀರಿ ಎಂದು ಕೇಳುತ್ತಿದ್ದರಲ್ಲ, ನಮ್ಮದೂ ಅದೇ ಕೆಲಸ. ವ್ಯತ್ಯಾಸ ಇಷ್ಟೇ, ಅಪ್ಪ ಬರೆದುಕೊಂಡು ಹೋದ ಮೇಲೆ ಆ ಮನೆಗಳನ್ನು ಯಾರೂ ಮುಳುಗಿಸುತ್ತಿರಲಿಲ್ಲ.

ಸಮೀಕ್ಷೆಯ ಯಜಮಾನಿ ಲುಸಿಯಾ. ನನಗಿಂತ ಹತ್ತು ವರ್ಷ ದೊಡ್ಡವಳು, ಕುಳ್ಳಿ, ಸದಾ ಒದ್ದೆ ಪ್ಯಾಂಟು, ಗಟ್ಟಿ ಗಂಟಲು. ಸೊಂಟದವರೆಗೆ ನೀರಿನಲ್ಲಿ ನಿಂತು ಬಲೆ ಎಳೆಯುತ್ತಾ ನನ್ನನ್ನು ಬೈಯುತ್ತಿದ್ದಳು. ನಮ್ಮಿಬ್ಬರದೂ ಹರಕು ಇಂಗ್ಲಿಷು, ಬೇರೆಬೇರೆ ಕಡೆ ಹರಿದದ್ದು, ಆದರೂ ಜಗಳಕ್ಕೆ ಸಾಕಾಗುತ್ತಿತ್ತು. ಅನ್ನ ಮತ್ತು ಹುರುಳಿಯಂಥ ಕಾಳಿನಲ್ಲಿ ಬದುಕುತ್ತಿದ್ದ ನನ್ನ ತಟ್ಟೆಯ ಅಂಚಿನಲ್ಲಿದ್ದ ಉಪ್ಪಿನಕಾಯಿಯನ್ನು ಒಂದು ದಿನ ಬೆರಳಲ್ಲಿ ತೆಗೆದು ನೆಕ್ಕಿದಳು. ಮುಗೀತು. ಅವತ್ತಿನಿಂದ ಸುಟ್ಟ ಮೀನಿನ ಮೇಲೆ ಅಜ್ಜಿಯ ಹೇರಳೆಕಾಯಿ. ನಮ್ಮಜ್ಜಿ ನೋಡಿದ್ದರೆ ಜಾಡಿಗೂ ಸ್ನಾನ ಮಾಡಿಸುತ್ತಿದ್ದರು. ಎರಡೇ ವಾರದಲ್ಲಿ ಜಾಡಿ ಖಾಲಿ.

ಜಾಡಿ ಖಾಲಿಯಾದ ಮರುದಿನವೇ ಆ ಮೀನು ಸಿಕ್ಕಿತು. ಬಂಡೆಗಳ ನಡುವೆ ನೀರು ನೊರೆಗಟ್ಟಿ ಧುಮುಕುವ ಕಡೆ, ಬಂಡೆಗೆ ಬಾಯಿ ಕಚ್ಚಿ ಹಿಡಿದುಕೊಂಡಿರುವ ಬೆರಳುದ್ದದ ಮೀನು. ಮೈಯೆಲ್ಲ ಕಪ್ಪು ಹಲಗೆಗಳ ಕವಚ, ಮೂತಿಯ ಮೇಲೆ ಮೃದುವಾದ ಕೂದಲಿನಂಥ ಮೀಸೆ. ಆ ಜಾತಿಯ ಬೇರೆ ಮೀನುಗಳಿಗೂ ಮೀಸೆ ಉಂಟು, ಆದರೆ ಇದರದ್ದು ತುದಿಯಲ್ಲಿ ಕವಲೊಡೆದು, ಹಣೆಯವರೆಗೂ ಹಬ್ಬಿತ್ತು. ಹೊಸದು ಎನ್ನಲು ಅದೊಂದೇ ಗುರುತು, ಅದೊಂದೇ ಸಾಕು. ಲುಸಿಯಾ ನೀರಿನಲ್ಲೇ ಕುಣಿದಳು. ಸಿಕ್ಕಿದ್ದು ಮೂರೇ ಮೂರು. ನಮ್ಮ ಬಾಟಲಿಗಳೆಲ್ಲ ಆ ಹೊತ್ತಿಗೆ ತುಂಬಿಹೋಗಿದ್ದವು. ಅವಳು ನನ್ನ ಉಪ್ಪಿನಕಾಯಿ ಜಾಡಿಯನ್ನು ಮರಳು ಹಾಕಿ ತಿಕ್ಕಿ ತೊಳೆದು, ಆ ಮೂರನ್ನೂ ಅದರಲ್ಲಿಟ್ಟಳು. ಊರು, ಹೊಳೆ, ಬಲೆ ಹಾಕಿದವರ ಹೆಸರನ್ನು ಪೆನ್ಸಿಲಿನಲ್ಲಿ ಬರೆದ ಚೀಟಿಯನ್ನೂ ಒಳಗೆ ಬಿಟ್ಟಳು. ಸ್ಪಿರಿಟ್ಟಿನಲ್ಲಿ ಶಾಯಿ ಕರಗುತ್ತದೆ, ಪೆನ್ಸಿಲು ಉಳಿಯುತ್ತದೆ.

"ಇದಕ್ಕೆ ಹೆಸರಿಡುವವಳು ನೀನು," ಎಂದಳು. "ನಿನ್ನ ಅಜ್ಜಿಯ ಮನೆಯಲ್ಲಿ ಮಲಗಿದೆ, ಅಜ್ಜಿಯ ಹೆಸರೇ ಇಡು."

ಹಾಗೆ ಜಾಡಿ ಅನುಮತಿ ಪತ್ರಗಳ ಕಂತೆಯ ಜೊತೆ ಈ ಊರಿನ ನನ್ನ ಲ್ಯಾಬಿಗೆ ಬಂತು. ವರ್ಣನೆ ಬರೆದು, ಹೆಸರಿಟ್ಟು, ಮೀನುಗಳನ್ನು ಲುಸಿಯಾಳ ಸಂಗ್ರಹಾಲಯಕ್ಕೆ ವಾಪಸು ಕಳಿಸಬೇಕು ಎಂದು ಮಾತು. ನಮ್ಮ ಕೆಲಸದಲ್ಲಿ ಮೀನಿಲ್ಲದೆ ಹೆಸರಿಲ್ಲ. ಮುಂದೆ ಯಾರಾದರೂ ಅನುಮಾನಪಟ್ಟರೆ ತೆಗೆದು ತೋರಿಸಲು ಆ ಮೀನೇ ಬೇಕು. ಅಷ್ಟರಲ್ಲಿ ಅಜ್ಜಿ ತೀರಿಕೊಂಡರು. ಅಣೆಕಟ್ಟಿನ ಗೇಟೂ ಇಳಿಯಿತು. ಲುಸಿಯಾ ದೋಣಿಯಲ್ಲಿ ಹೋಗಿ ನೋಡಿ ಬಂದು ಫೋನು ಮಾಡಿದಳು. "ಬಂಡೆಯೂ ಇಲ್ಲ, ನೊರೆಯೂ ಇಲ್ಲ. ಕೆರೆ ಆಗಿದೆ. ಬಲೆ ಹಾಕಿದೆವು, ಒಂದೂ ಸಿಗಲಿಲ್ಲ. ಇನ್ನು ನಿನ್ನ ಜಾಡಿಯಲ್ಲಿರೋದೇ."

ಅದಾದ ಮೇಲೆ ಕೊರೊನಾ.

ಮೊದಲ ವರ್ಷದ ಬಾಗಿಲುಬಂದನ್ನು ಹೇಗೋ ದಾಟಿದೆವು. ಆಗಿನ ಒಂದು ವಿಷಯ ಹೇಳದಿದ್ದರೆ ನನಗೇ ಸಮಾಧಾನವಿಲ್ಲ. ಲ್ಯಾಬಿನಿಂದ ಬಂದವಳ ಮೈಯಲ್ಲಿ ಸ್ಪಿರಿಟ್ ವಾಸನೆ ಎಂದು ಇಷ್ಟು ವರ್ಷ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿದವರು ಎಷ್ಟು ಜನ! ಈಗ ಇಡೀ ಊರಿಗೆ ನನ್ನ ವಾಸನೆ. ತಮಿಳು ಮುಸ್ಲಿಮರ ಮಾಮಾಕ್ ಹೋಟೆಲಿನಲ್ಲಿ ರೋಟಿ ತಪಾವ್, ಅಂದರೆ ಪಾರ್ಸೆಲ್, ಕಟ್ಟಿಸಿಕೊಳ್ಳಲು ಹೋದರೆ ಸ್ಯಾನಿಟೈಸರು, ಲಿಫ್ಟಿನಲ್ಲಿ ಸ್ಯಾನಿಟೈಸರು. ಬ್ರಿಕ್‌ಫೀಲ್ಡ್ಸಿನ ದೇವಸ್ಥಾನ ಮತ್ತೆ ತೆರೆದ ದಿನ ಬಾಗಿಲಲ್ಲಿ ನಿಂತವನು ಆಗ ನಮ್ಮ ಜೊತೆಗಿದ್ದ ಅತ್ತೆಯ ಅಂಗೈಗೆ ಸ್ಯಾನಿಟೈಸರು ಹಾಕಿದ. ಅವರು ಅಭ್ಯಾಸಬಲದಿಂದ ಕಣ್ಣಿಗೊತ್ತಿಕೊಂಡು ತಲೆಗೆ ಸವರಿಕೊಂಡರು. ಕಣ್ಣು ಉರಿದು ಅವರು ಕೂಗಿದ ಕೂಗಿಗೆ ಒಳಗೆ ಮಂಗಳಾರತಿಯೇ ನಿಂತಿತು. ಆ ಕೋವಿಡ್ಡಿನಲ್ಲಿ ನಾವು ಮನೆಮಂದಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದು ಅದೊಂದೇ ಸಲ.

ಎರಡನೆಯ ವರ್ಷ ನಗುವಂಥದ್ದು ಏನೂ ಇರಲಿಲ್ಲ. ಜಾಡಿಯನ್ನು ಕಪಾಟಿನಿಂದ ತೆಗೆದು, ಬಾಗಿಲಿಗೆ ಎದುರಾದ ಮೇಜಿನ ಮೇಲಿಟ್ಟುಕೊಂಡು ಮೀಸೆಯ ಚಿತ್ರ ಬರೆಯಲು ಕೂತಿದ್ದೆ. ಅಂಚಿನವರೆಗೆ ಸ್ಪಿರಿಟ್ಟು ತುಂಬಿದ್ದೆ. ಮುಚ್ಚಳದ ರಬ್ಬರು ಸವೆದದ್ದು ಕಂಡು ಹೊಸ ಜಾಡಿಗಳಿಗೆ ಹೇಳಿಯಾಗಿತ್ತು, ಅವು ಎಲ್ಲೋ ಬಂದರಿನಲ್ಲಿ ಸಿಕ್ಕಿಹಾಕಿಕೊಂಡಿದ್ದವು. ಅಷ್ಟರಲ್ಲಿ ಮತ್ತೆ ಎಲ್ಲ ಬಂದ್. ನಮ್ಮ ಕಟ್ಟಡಕ್ಕೆ ಬೀಗ, ಎಸಿ ಬಂದ್, ಬೀಗದ ಕೈ ಇಟ್ಟುಕೊಂಡ ಆಫೀಸಿನವರು ಅವರವರ ಊರಿನಲ್ಲಿ, ರಸ್ತೆಯಲ್ಲಿ ಪೊಲೀಸರ ಅಡ್ಡಗಟ್ಟೆ. ಕೆಲವು ವಾರ ಎಂದದ್ದು ತಿಂಗಳುಗಟ್ಟಲೆ ಎಳೆಯಿತು. ಒಳಗೆ ಹೋಗಲು ಅನುಮತಿ ಕೇಳಿ ಮೇಲಿಂದ ಮೇಲೆ ಬರೆದೆ. ಮೀನು ಸತ್ತೇ ಇದೆಯಲ್ಲ, ಅದಕ್ಕೇನು ಅವಸರ ಎಂದು ಒಬ್ಬರು ಕೇಳಿದರು. ಜನ ಆಮ್ಲಜನಕಕ್ಕೆ ಒದ್ದಾಡುತ್ತಿದ್ದ ಕಾಲ ಅದು.

ಸುಧಾಕರ ಅವರ ಆಸ್ಪತ್ರೆ ನಮ್ಮ ಲ್ಯಾಬಿನ ಆವರಣದಲ್ಲೇ. ಅವರನ್ನು ಕೋವಿಡ್ ವಾರ್ಡಿನ ಡ್ಯೂಟಿಗೆ ಹಾಕಿದ್ದರಿಂದ ಮನೆಗೂ ಬಾರದೆ ಹಾಸ್ಟೆಲಿನಲ್ಲಿ ಇದ್ದರು. ಬಹಳ ದಿನ ವಾರ್ಡು ಬಿಟ್ಟು ಕದಲುವ ಹಾಗೇ ಇರಲಿಲ್ಲ. ಸ್ವಲ್ಪ ಬಿಡುವಾದ ಮೇಲೆ ನಾನು ಫೋನಿನಲ್ಲಿ ಹೇಳಿದೆ.

"ರೀ, ನಮ್ಮ ಲ್ಯಾಬಿನ ಬಾಗಿಲಿಗೆ ಗಾಜಿದೆ. ಅಲ್ಲಿಂದ ಮೇಜಿನ ಮೇಲಿನ ಜಾಡಿ ಕಾಣತ್ತೆ. ಸ್ಪಿರಿಟ್ಟು ಇಳಿದಿದ್ರೆ ಗೆರೆ ಕಾಣಬೇಕು. ಒಂದ್ಸಲ ನೋಡ್ತೀರಾ?"

ಮಾರನೆಯ ದಿನ ಫೋನು ಬಂತು. ಏದುಸಿರು. ಆ ಕಟ್ಟಡದ ಲಿಫ್ಟೂ ಬಂದ್ ಆಗಿದ್ದರಿಂದ ಮೆಟ್ಟಿಲು ಹತ್ತಿದ್ದರು.

"ನೋಡಿದೆ ಮಾರಾಯ್ತಿ. ಗೆರೆ ಇಲ್ಲ."

"ಸರಿಯಾಗಿ ನೋಡಿದ್ರಾ? ಎಲ್ಲೂ ಇಲ್ವಾ?"

"ಎಲ್ಲಿಯೂ ಇಲ್ಲ. ಮೇಲಿಂದ ಕೆಳಗೆ ವರೆಗೆ ನೋಡಿದೆ. ಬಾಯಿವರೆಗೆ ತುಂಬಿ ಉಂಟು. ಮೂರೂ ಆರಾಮ ಮಲಗಿದಾವೆ. ನೀನು ಸ್ವಲ್ಪ ನಿದ್ದೆ ಮಾಡು."

ನಾನು ನಿದ್ದೆ ಮಾಡಿದೆ. ಆಮೇಲೆ ಅವರು ವಾರಕ್ಕೊಮ್ಮೆ ಮೆಟ್ಟಿಲು ಹತ್ತಿ ನೋಡಿ ಬಂದರು. ಪಿಪಿಇ ಕಳಚಿ, ಮುಖದ ಮೇಲೆ ಮಾಸ್ಕಿನ ಬರೆ ಹೊತ್ತು, ಅವತ್ತು ವಾರ್ಡಿನಲ್ಲಿ ಯಾರು ಉಳಿದರು ಯಾರು ಹೋದರು ಎಂಬುದನ್ನು ನನಗೆ ಹೇಳದೆ, "ಗೆರೆ ಇಲ್ಲ" ಎಂದು ಮಾತ್ರ ಹೇಳುತ್ತಿದ್ದರು. ಆ ತಿಂಗಳುಗಳಲ್ಲಿ ನನಗೆ ಸಿಕ್ಕ ಒಳ್ಳೆಯ ಸುದ್ದಿ ಅದೊಂದೇ.

ಅದೇ ಸುದ್ದಿಯನ್ನು ನಾನು ಲುಸಿಯಾಗೆ ದಾಟಿಸುತ್ತಿದ್ದೆ. ಅವಳೂ ಆಸ್ಪತ್ರೆ ಸೇರಿದ್ದಳು. ಗಟ್ಟಿ ಗಂಟಲಿನವಳು ಒಂದೊಂದು ಮಾತಿಗೂ ನಿಂತು ಉಸಿರು ತೆಗೆದುಕೊಂಡು ವಾಯ್ಸ್ ಮೆಸೇಜು ಕಳಿಸುತ್ತಿದ್ದಳು. "ಮೀನು ಹೇಗಿದೆ?" ಎಂದು ಕೇಳಿದಳು. ಗೆರೆ ಕಾಣುತ್ತಿಲ್ಲ, ತುಂಬಿದೆ ಎಂದೆ. "ಹಾಗಾದರೆ ಆಯಿತು. ಹೊಳೆ ಹೋಯಿತು, ಅದಾದರೂ ಇದೆಯಲ್ಲ. ಬೇಗ ಹೆಸರಿಡು. ನೀನು ಬಹಳ ನಿಧಾನ." ಕೊನೆಗೆ ನಕ್ಕಳೋ ಕೆಮ್ಮಿದಳೋ ತಿಳಿಯಲಿಲ್ಲ. ಆಮೇಲೆ ಮೆಸೇಜು ಬರಲಿಲ್ಲ. ವಾರದ ಮೇಲೆ ಅವಳ ವಿದ್ಯಾರ್ಥಿನಿ ಎರಡು ಸಾಲು ಬರೆದಳು.

ನಾನು ಅತ್ತದ್ದು ಇದೇ ಅಡುಗೆಮನೆಯಲ್ಲಿ, ಕುಕ್ಕರು ಕೂಗುವಾಗ, ಮಗಳಿಗೆ ಕೇಳಿಸದಂತೆ. ಅಷ್ಟು ದೂರದ ಸಾವಿಗೆ ಹೋಗುವಂತಿಲ್ಲ, ಹತ್ತಿರದ ಸಾವಿಗೂ ಯಾರೂ ಹೋಗುವಂತಿರಲಿಲ್ಲ. ಮಾಡಬಹುದಾದದ್ದು ಒಂದೇ ಎನ್ನಿಸಿತು. ಮನಸ್ಸಿನಲ್ಲೇ ಅಜ್ಜಿಗೆ ಕೈಮುಗಿದು ಹೇಳಿದೆ. ಅಜ್ಜಿ, ನಿಮ್ಮ ಹೆಸರು ಬೇಡ, ಆ ಮೀನಿಗೆ ಲುಸಿಯಾಳ ಹೆಸರು ಇಡುತ್ತೇನೆ. ಲ್ಯಾಟಿನ್ ರೂಪದಲ್ಲಿ ಬರೆದು, ಜೋರಾಗಿ ಓದಿ ನೋಡಿದೆ. ಚೆನ್ನಾಗಿತ್ತು. ಆಮೇಲಿನ ಅಷ್ಟೂ ದಿನ ನಾನು ಹಲ್ಲು ಕಚ್ಚಿ ಬದುಕಿದ್ದು ಆ ಹೆಸರಿನ ಮೇಲೆ. ಬೀಗ ತೆಗೆಯಲಿ, ಮೀಸೆಯ ಚಿತ್ರ ಮುಗಿಸುತ್ತೇನೆ, ಕಳಿಸುತ್ತೇನೆ. ಇಡೀ ಲೋಕ ಅವಳನ್ನು ಮರೆತರೂ ಆ ಮೂರು ಮೀನು ಮರೆಯಲಾರವು ಎಂದುಕೊಂಡೆ.

ಬೀಗ ತೆಗೆದ ದಿನ ಸುಧಾಕರ ಅವರೂ ಜೊತೆಗೆ ಬಂದರು. ಬಾಗಿಲಿನ ಗಾಜಿನಿಂದ ತೋರಿಸಿ, "ನೋಡು, ನಾನು ಹೇಳಲಿಲ್ವಾ? ಎಲ್ಲಿ ಉಂಟು ಗೆರೆ?" ಎಂದರು. ಹೌದು, ಗೆರೆ ಇರಲಿಲ್ಲ. ಗಾಜು ಫಳಫಳ. ಒಳಗೆ ಹೋದೆ. ಕೋಣೆ ಕಾದ ಒಲೆಯಂತಿತ್ತು. ಜಾಡಿಯನ್ನು ಎತ್ತಿದೆ. ಕೈಗೆ ಭಾರ ಸಿಗಲಿಲ್ಲ. ಎತ್ತಿದ ರಭಸಕ್ಕೆ ಒಳಗಿಂದ ಸದ್ದಾಯಿತು. ಒಣಗಿದ ಹುಣಸೆ ಬೀಜದ ಸದ್ದು. ಗಲಗಲ.

ಅಂಚಿನವರೆಗೆ ತುಂಬಿದ ಜಾಡಿಯಲ್ಲಿ ಗೆರೆ ಕಾಣುವುದಿಲ್ಲ. ಪೂರ್ತಿ ಒಣಗಿದ ಜಾಡಿಯಲ್ಲೂ ಕಾಣುವುದಿಲ್ಲ. ಇದು ಸಣ್ಣ ಮಕ್ಕಳಿಗೂ ಗೊತ್ತಾಗುವ ಸಂಗತಿ. ನಾನಾಗಲಿ ಅವರಾಗಲಿ, ಇಬ್ಬರು ಓದಿದವರು, ಒಂದು ಸಲವೂ ಅದನ್ನು ಯೋಚಿಸಲಿಲ್ಲ. ಅವರು ಮೊದಲ ಸಲ ಗಾಜಿಗೆ ಮುಖವಿಟ್ಟು ನೋಡುವಾಗಲೇ ಅದರಲ್ಲಿ ಒಂದು ತೊಟ್ಟೂ ಇದ್ದಿರಲಿಲ್ಲ.

ಸುಧಾಕರ ಅವರು ನನ್ನ ಕೈಯಿಂದ ಜಾಡಿ ತೆಗೆದುಕೊಂಡು ತಾವೂ ಅಲ್ಲಾಡಿಸಿದರು. ಮತ್ತೆ ಅಲ್ಲಾಡಿಸಿದರು. "ಇಷ್ಟು ಸಲ ಬಂದು ನೋಡಿದೆನಲ್ಲ ಮಾರಾಯ್ತಿ," ಎಂದವರು ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟರು. ಅಷ್ಟು ಜನರ ಸಾವು ನೋಡಿ ಬಂದವರು, ಮನೆಯಲ್ಲಿ ಒಂದು ಮಾತು ಆಡದವರು, ಮೂರು ಒಣ ಮೀನು ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತರು. ನನಗೆ ಅಳುವುದಕ್ಕೂ ಜಾಗ ಇರಲಿಲ್ಲ. "ಹೋಗಲಿ ಬಿಡಿ" ಎನ್ನಬೇಕಿತ್ತು.

ಒಣಗಿದ ಮೀನನ್ನು ನೆನೆಸಿ ಮೆತ್ತಗೆ ಮಾಡುವ ಉಪಾಯಗಳಿವೆ. ಎಲ್ಲ ಮಾಡಿದೆ. ಕವಚದ ಹಲಗೆಗಳು ಬಿಟ್ಟುಕೊಂಡವು, ರೆಕ್ಕೆ ಪುಡಿಯಾಯಿತು. ಮೀಸೆಯಂತೂ ಮುಟ್ಟುವ ಮೊದಲೇ ಉದುರಿ ಹೋಗಿತ್ತು. ಚಿತ್ರ ಅರ್ಧ ಆಗಿದೆ, ಅರ್ಧ ಚಿತ್ರವನ್ನು ಯಾರೂ ಒಪ್ಪುವುದಿಲ್ಲ, ಒಪ್ಪಲೂಬಾರದು. ಪುಡಿಯನ್ನು ಹತ್ತಿಯಲ್ಲಿ ಸುತ್ತಿ ಲ್ಯಾಬಿನ ಡ್ರಾಯರಿನಲ್ಲಿಟ್ಟು, ಖಾಲಿ ಜಾಡಿಯನ್ನು ಮನೆಗೆ ತಂದಿದ್ದೇನೆ. ಚೀಟಿ ಮಾತ್ರ ಹಾಗೇ ಇದೆ. ಲುಸಿಯಾಳ ಪೆನ್ಸಿಲಿನ ಒಂದು ಅಕ್ಷರವೂ ಅಳಿಸಿಲ್ಲ.

ಇಷ್ಟರ ಮೇಲೆ ಇನ್ನೊಂದು. ಬ್ರಿಕ್‌ಫೀಲ್ಡ್ಸಿಗೆ ಕೊತ್ತಂಬರಿ, ಕರಿಬೇವು ತರಲು ಹೋದಾಗ ಕ್ಲಾಂಗ್ ಹೊಳೆಯ ಸೇತುವೆ ದಾಟುತ್ತೇನೆ. ಹೊಳೆ ಎನ್ನುವುದು ಮರ್ಯಾದೆಗೆ, ಸಿಮೆಂಟಿನ ಕಾಲುವೆ ಅದು. ಅದರ ಕೊಳಕು ನೀರಿನ ತುಂಬ ದಕ್ಷಿಣ ಅಮೆರಿಕದ ಮೀನು, ನಮ್ಮ ಮೀನಿನ ದಾಯಾದಿ. ಯಾರೋ ತೊಟ್ಟಿಯಲ್ಲಿ ಸಾಕಲು ತಂದು, ಬೇಸರವಾಗಿ ಎಸೆದದ್ದು ಈಗ ಇಡೀ ಹೊಳೆ ತುಂಬಿದೆ. ಪಾಚಿ ತಿಂದು ತೊಟ್ಟಿ ತೊಳೆಯುತ್ತದೆಂದು ಇಲ್ಲಿಯವರು ಅದನ್ನು ನಗರಸಭೆ ಮೀನು ಎನ್ನುತ್ತಾರೆ. ಒಂದು ದಿನ ದಡದಲ್ಲಿ ಒಬ್ಬರು ಬಲೆ ಜಾಡಿಸಿ ಅಂಥವನ್ನು ರಾಶಿ ಹಾಕುತ್ತಿದ್ದರು. ಬಾಯಿ ಕಳೆದು ಒದ್ದಾಡುತ್ತಿದ್ದವು. "ತಿನ್ನಕ್ಕೂ ಬರಲ್ಲ, ಸಾಯೋದೂ ಇಲ್ಲ ಅಕ್ಕಾ" ಎಂದು ತಮಿಳಿನಲ್ಲಿ ಹೇಳಿದರು. ಬೇಡದ್ದು ಇಷ್ಟು ಗಟ್ಟಿಯಾಗಿ ಬದುಕುತ್ತದೆ! ನನಗೆ ಆ ಮೀನುಗಳ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ನಾಚಿಕೆಯಾಗಿ ತರಕಾರಿ ಕೊಳ್ಳದೆ ಮನೆಗೆ ಬಂದೆ.

ಈಗ ನಮ್ಮ ಮನೆಯಲ್ಲಿ ಒಂದು ಹೊಸ ಅಭ್ಯಾಸವಾಗಿದೆ. ಸುಧಾಕರ ಅವರು ಯಾವುದನ್ನೂ ನೋಡಿ ನಂಬುವುದಿಲ್ಲ. ನೀರಿನ ಬಾಟಲಿ, ಎಣ್ಣೆ ಡಬ್ಬಿ, ಔಷಧದ ಸೀಸೆ, ಎಲ್ಲವನ್ನೂ ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ನಮ್ಮಜ್ಜಿಯನ್ನು ಅವರು ನೋಡಿದ್ದು ಮದುವೆಯಲ್ಲಿ ಒಂದೇ ಸಲ. ಅವರು ಹಾಗೆ ಮಾಡುವಾಗಲೆಲ್ಲ ನಾನು ಬೇರೆ ಕಡೆ ನೋಡುತ್ತೇನೆ. ನನಗೆ ಅವರ ಮೇಲೆ ಕೋಪವಿಲ್ಲ ಎಂದು ಹೇಳಿದ್ದೇನೆ. ಕೋಪವಿಲ್ಲವೆಂಬುದು ನಿಜ. ಹೇಳಿದರೆ ಅವರ ತಲೆ ಇನ್ನಷ್ಟು ತಗ್ಗುತ್ತದೆ.

ಭಾನುವಾರ ಅನಘಾ ನನ್ನ ಕೂಗಿಗೆ ಬೆಚ್ಚಿ, ಜಾಡಿಯನ್ನು ಕಿಟಕಿಯಲ್ಲೇ ವಾಪಸಿಟ್ಟಳು. ಸ್ವಲ್ಪ ಹೊತ್ತಿನ ಮೇಲೆ ಹತ್ತಿರ ಬಂದು ನಿಂತಳು. ಅಂದಿನ ಲ್ಯಾಬಿನ ಕತೆ ಅವಳಿಗೂ ಅರೆಬರೆ ಗೊತ್ತು.

"ಸೋ ದ ಫಿಶ್, ಹ್ಯಾವ್ ನೇಮ್ ಆರ್ ನೋ, ಅಮ್ಮಾ?"

ಹೇಳಿದೆ. ಲ್ಯಾಟಿನ್ ಹೆಸರು ಪೂರ್ತಿ. ಅವಳು ಅದನ್ನು ಎರಡು ಸಲ ತನ್ನಷ್ಟಕ್ಕೆ ಹೇಳಿಕೊಂಡಳು. ಹಾಲಿನಲ್ಲಿ ಪೇಪರು ಮಡಚುವ ಸದ್ದಾಯಿತು.

ಮೊದಲು ಮೀನಿತ್ತು, ಹೆಸರಿರಲಿಲ್ಲ. ಈಗ ಹೆಸರಿದೆ.